ಮಗಳಿಗೊಂದು ಪತ್ರ: ಅಜ್ಜಿ ಕೈಗೆ ಸಿಕ್ಕ ನಿನ್ನ ಪೌಡರ್ ಡಬ್ಬ

ಚಿನ್ನಮ್ಮ,

ಹಬ್ಬಕ್ಕೆ ಬಂದೋಳು ಕ್ರಿಯೇಟಿನ್ ಡಬ್ಬ, ಅದೇ ಆಟಗಾರರು ಶಕ್ತಿಗೆ ಅಂತ ತಗೊಳ್ಳೋ ಪೌಡರು, ಇಲ್ಲೇ ಬಿಟ್ಟೋಗಿದ್ದೀಯ, ಅಜ್ಜಿ ಅದನ್ನ ಅಡುಗೆ ಸೋಡ ಅಂದ್ಕೊಂಡು ಇಡ್ಲಿ ಹಿಟ್ಟಿಗೆ ಹಾಕೋಕೆ ಹೋಗಿದ್ರು, ನಾನ್ ನೋಡಿದ್ದಕ್ಕೆ ಬಚಾವ್. ಬೈಯೋಕೆ ಬರೀತಿಲ್ಲ, ಮುಚ್ಚಿಟ್ಟಿದ್ದಕ್ಕೆ ಸ್ವಲ್ಪ ಬೇಜಾರು ಅಷ್ಟೆ.

ಮೊದ್ಲು ಸ್ಟೆರಾಯ್ಡೇನೋ ಅಂತ ಹೆದ್ರಿಬಿಟ್ಟೆ. ಎರಡು ರಾತ್ರಿ ಮೊಬೈಲಲ್ಲಿ ಓದಿದ್ಮೇಲೆ ಗೊತ್ತಾಯ್ತು, ಸ್ಟೆರಾಯ್ಡ್ ಅಲ್ಲ, ಆಟಗಾರರು ಔಷಧಿ ತಗೊಂಡು ಮೋಸ ಮಾಡೋದನ್ನ ತಡೆಯೋ ವಾಡಾ ಸಂಸ್ಥೆಯ ಬ್ಯಾನ್ ಲಿಸ್ಟಲ್ಲೂ ಇಲ್ಲ, ನಮ್ ಮೈಯೇ ದಿನಕ್ಕೆ ಸುಮಾರು 1 ಗ್ರಾಂ ತಯಾರ್ ಮಾಡ್ಕೊಳುತ್ತೆ. ನಮ್ ತೋಟದ ತೊಟ್ಟಿ ಇದ್ದಂಗೆ ಕಣೆ. ಬೋರ್‌ವೆಲ್ ನೀರು ಸಣ್ಣಗೆ ಬರ್ತಿದ್ರೂ ತೊಟ್ಟಿ ತುಂಬಿದ್ರೆ ವಾಲ್ ತಿರುಗಿಸಿದ ತಕ್ಷಣ ಜೋರಾಗಿ ನುಗ್ಗುತ್ತಲ್ಲ, ಹಂಗೆ ಮಾಂಸಖಂಡದಲ್ಲಿರೋ ಕ್ರಿಯೇಟಿನ್ನು ಹತ್ತು ಸೆಕೆಂಡಿನ ಓಟಕ್ಕೆ ಶಕ್ತಿ ಕೊಟ್ಟು ಖಾಲಿಯಾಗಿ, ನೀನು ನಿಂತಾಗ ಮತ್ತೆ ತುಂಬ್ಕೊಳುತ್ತೆ. ಫುಟ್‌ಬಾಲಲ್ಲಿ ವಿಂಗಲ್ಲಿ, ಅಂದ್ರೆ ಮೈದಾನದ ಅಂಚಲ್ಲಿ ಜೋರಾಗಿ ಓಡ್ತಾ ಆಡೋ ನಿಂಗೆ ಉಪಯೋಗ ಆಗ್ಬಹುದು, ಒಪ್ಕೋತೀನಿ, ಅದ್ರಲ್ಲೂ ಬಾಡು ತಿನ್ನದ ನಮ್ಮಂತೋರ ತೊಟ್ಟಿ ಮೊದ್ಲೇ ಸ್ವಲ್ಪ ಕಮ್ಮಿ ತುಂಬಿರುತ್ತೆ. ಆದ್ರೆ 90 ನಿಮಿಷ ಓಡೋ ದಮ್ಮು ಅದ್ರಿಂದ ಬರಲ್ಲ.

ಡಬ್ಬದೊಳಗೆ ನಿಮ್ ಸೀನಿಯರ್ ಬರ್ದಿರೋ ಚೀಟಿ ಸಿಕ್ತು, ದಿನಕ್ಕೆ 20 ಗ್ರಾಂ! ದೊಡ್ಡೋರಿಗೇ ದಿನಕ್ಕೆ 3ರಿಂದ 5 ಗ್ರಾಂ ಸಾಕು, ತುಂಬೋಕೆ ಮೂರ್ನಾಲ್ಕು ವಾರ ಹಿಡಿಯುತ್ತೆ ಅಷ್ಟೆ. ಹೊಟ್ಟೆ ಉಬ್ಬರ ಅಂತಿದ್ದೆ, ಒಂದೂವರೆ ಕೇಜಿ ಜಾಸ್ತಿ ಆಗಿದ್ದೀನಿ ಅಂತಿದ್ದೆ, ಈಗ ತಿಳೀತು. ಅದು ಬಹುಪಾಲು ನೀರು. ನಿಂಗಿನ್ನೂ 16, ಅಮೆರಿಕದ ಮಕ್ಕಳ ಡಾಕ್ಟರ್‌ಗಳ ಸಂಘ 18ರೊಳಗಿನೋರಿಗೆ ಬೇಡ ಅನ್ನುತ್ತೆ.

ಇನ್ನೊಂದು ಭಯ ನಂದೇ ಅನುಭವದ್ದು. ಹೋದ್ವರ್ಷ ಟೊಮ್ಯಾಟೊಗೆ ತಂದ ಔಷಧಿ ನೆನಪೈತಾ, ಸೀಲು ಚೆನ್ನಾಗೇ ಇತ್ತು, ಹೊಡೆದ ಮೂರನೇ ದಿನಕ್ಕೆ ಅರ್ಧ ಎಕರೆ ಎಲೆ ಸುಟ್ಟೋಯ್ತು, ಅಂಗಡಿಯೋನು ನೀವೇ ಜಾಸ್ತಿ ಹೊಡ್ದಿದ್ದೀರ ಅಂದ. ಪೌಡರಲ್ಲೂ ಬ್ಯಾನ್ ಆಗಿರೋದು ಬೆರೆತಿದ್ರೆ ಟೆಸ್ಟಲ್ಲಿ ಸಿಕ್ಕಾಕೊಳ್ಳೋದು ಆಟಗಾರ್ತಿ, ಗೊತ್ತಿರ್ಲಿಲ್ಲ ಅಂದ್ರೆ ಕೇಳಲ್ಲ.

ಮತ್ತೆ, ಹಾಸ್ಟೆಲಲ್ಲಿ ರಕ್ತ ಪರೀಕ್ಷೆ ಮಾಡಿದ್ರೆ ಈ ಪೌಡರ್ ತಗೊಂಡಿದ್ದೆ ಅಂತ ಡಾಕ್ಟರ್‌ಗೆ ಮೊದ್ಲೇ ಹೇಳು. ಕಿಡ್ನಿ ಹೆಂಗೈತೆ ಅಂತ ನೋಡೋಕೆ ರಕ್ತದಲ್ಲಿ ಅಳೆಯೋ ಕ್ರಿಯೇಟಿನಿನ್ ಸ್ವಲ್ಪ ಜಾಸ್ತಿ ತೋರಿಸ್ಬಹುದು, ಕಿಡ್ನಿ ಸರಿಯಾಗಿದ್ರೂನೂ. ನಿಮ್ಮಮ್ಮಂಗೆ ಆ ರಿಪೋರ್ಟ್ ಸಿಕ್ರೆ ಕೋಲಾರಮ್ಮಂಗೆ ಹರಕೆ ಹೊತ್ಕೊಂಡ್ಬಿಡ್ತಾಳೆ.

ಡಬ್ಬ ನನ್ ಬೀರೂಲೈತೆ. ಭಾನುವಾರ ಮ್ಯಾಚ್ ಎಷ್ಟೊತ್ಗೆ ಅಂತ ಮೆಸೇಜ್ ಹಾಕು, ಮಂಡೀಲಿ ಲೋಡ್ ಇಳಿಸಿ ಸೀದಾ ಬಸ್ ಹತ್ತುತೀನಿ, ಅಮ್ಮ ಹುರಿಹಿಟ್ಟು ಕಡ್ಲೆಬೀಜ ಕಟ್ಟಿ ಕೊಡ್ತಾಳೆ.

ನಿಮ್ಮಪ್ಪ