ಹೋಗುವ ಸಮಯ ಬೇರೆ, ಬರುವ ಸಮಯ ಬೇರೆ

ಸಂಪಾದಕರಿಗೆ ನಮಸ್ಕಾರ,

ಪ್ರವಾಸದ ಬರಹಗಳಲ್ಲಿ ಎರಡು ದೂರದ ವಿಮಾನ ನಿಲ್ದಾಣಗಳ ನಡುವೆ ಇಷ್ಟು ಕಿಲೋಮೀಟರ್, ಹಾರಾಟಕ್ಕೆ ಇಷ್ಟು ಗಂಟೆ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಬಹಳ ಸಲ ಅದು ದೂರವನ್ನು 900ರಿಂದ ಭಾಗಿಸಿ ತೆಗೆದ ಲೆಕ್ಕದ ಹಾಗೆ ಕಾಣುತ್ತದೆ. ದೊಡ್ಡ ಜೆಟ್ ವಿಮಾನಗಳ ವೇಗ ಗಂಟೆಗೆ ಸುಮಾರು 900 ಕಿ.ಮೀ. ಇರುವುದು ಸರಿಯೇ. ಆದರೆ ಆ ಲೆಕ್ಕವನ್ನು ನಂಬಿ ಮುಂದಿನ ವಿಮಾನಕ್ಕೆ ಟಿಕೆಟ್ ಮಾಡಿಸುವವರಿದ್ದಾರೆ, ಔಷಧಿ ತೆಗೆದುಕೊಳ್ಳುವ ಹೊತ್ತು ಗೊತ್ತು ಮಾಡಿಕೊಳ್ಳುವ ವಯಸ್ಸಾದವರಿದ್ದಾರೆ. ಅವರಿಗೆ ಒಂದೆರಡು ಗಂಟೆಯ ವ್ಯತ್ಯಾಸವೂ ಸಣ್ಣದಲ್ಲ.

ಎಲ್ಲಕ್ಕಿಂತ ಜಾಸ್ತಿ ಲೆಕ್ಕ ತಪ್ಪಿಸುವುದು ಗಾಳಿ. ಲಂಡನ್ ಮತ್ತು ನ್ಯೂಯಾರ್ಕ್ ನಡುವೆ ಸುಮಾರು 5,550 ಕಿ.ಮೀ. ದೂರ. ಲಂಡನ್‌ನಿಂದ ಹೋಗುವಾಗ ಎಂಟು ಗಂಟೆಯ ಆಸುಪಾಸು ಬೇಕು, ವಾಪಸ್ ಬರುವಾಗ ಏಳಕ್ಕೂ ಕಡಿಮೆ ಸಾಕಾಗಬಹುದು. ವಿಮಾನ ಹಾರುವ ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿ ಬೀಸುತ್ತದೆ, ಚಳಿಗಾಲದಲ್ಲಂತೂ ಅದರ ರಭಸ ಇನ್ನೂ ಹೆಚ್ಚು. 2020ರ ಫೆಬ್ರುವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು ಈ ಗಾಳಿಯ ಬೆನ್ನೇರಿ ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು! ಭೂಮಿ ತಿರುಗುವುದರಿಂದ ಹೀಗಾಗುತ್ತದೆ ಅಂತ ಕೆಲವರು ಹೇಳುತ್ತಾರೆ, ಅದು ಸರಿಯಲ್ಲ. ಭೂಮಿಯ ಜೊತೆ ಗಾಳಿಯ ಹೊದಿಕೆಯೂ ತಿರುಗುತ್ತಲೇ ಇರುತ್ತದೆ ಅಲ್ವಾ.

ಇನ್ನು ದೂರದ ವಿಷಯ. ಬರಹಗಳಲ್ಲಿ ಕೊಡುವುದು ಸಾಮಾನ್ಯವಾಗಿ ಗೋಲದ ಮೇಲೆ ದಾರ ಎಳೆದು ಹಿಡಿದರೆ ಸಿಗುವ ಅತಿ ಹತ್ತಿರದ ದಾರಿ. ವಿಮಾನ ಅದೇ ದಾರಿಯಲ್ಲಿ ಹೋಗಬೇಕು ಅಂತೇನಿಲ್ಲ. ಹೆಲ್ಸಿಂಕಿಯಿಂದ ಟೋಕಿಯೋಗೆ ಮೊದಲು ಒಂಬತ್ತು ಗಂಟೆಯ ಸುಮಾರಿಗೆ ತಲುಪುತ್ತಿದ್ದರು. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಫಿನ್‌ಏರ್ ವಿಮಾನಗಳು ಸುತ್ತು ಹಾಕಬೇಕಾಯಿತು, ಸಮಯ ಹದಿಮೂರು ಗಂಟೆಗೆ ಏರಿತು. ಊರುಗಳು ಇದ್ದಲ್ಲೇ ಇವೆ, ನಕ್ಷೆಯ ದೂರವೂ ಅಷ್ಟೇ ಇದೆ.

ವೇಳಾಪಟ್ಟಿಯ ಗಂಟೆಯಲ್ಲಿ ಬರೀ ಹಾರಾಟವಿಲ್ಲ. ಗೇಟ್ ಬಿಟ್ಟು ಹೊರಟಾಗಿನಿಂದ ಇನ್ನೊಂದು ಗೇಟ್ ಸೇರುವವರೆಗಿನ ಸಮಯ ಅದು, ರನ್‌ವೇಗೆ ಸರದಿ ಕಾಯುವುದೂ ಅದರಲ್ಲಿ ಸೇರಿದೆ. ಸಿಂಗಪುರದಿಂದ ನ್ಯೂಯಾರ್ಕ್‌ಗೆ 15,300 ಕಿ.ಮೀ.ಗೂ ಹೆಚ್ಚು. ಭಾಗಿಸಿದರೆ ಹದಿನೇಳು ಗಂಟೆ ಬರುತ್ತದೆ, ಪ್ರಯಾಣಿಕರು ಮಾತ್ರ ಹದಿನೆಂಟು ದಾಟಿ ಕೂತಿರುತ್ತಾರೆ.

ಹೊರಡುವ ಮತ್ತು ತಲುಪುವ ಹೊತ್ತನ್ನು ಸುಮ್ನೆ ಕಳೆದು ನೋಡಿದರೂ ಪ್ರಯಾಣದ ಅವಧಿ ಸಿಗುವುದಿಲ್ಲ. ಆಕ್ಲೆಂಡ್‌ನಿಂದ ಸಂಜೆ ಹೊರಟವರು ಲಾಸ್ ಏಂಜಲೀಸ್‌ನಲ್ಲಿ ಅದೇ ತಾರೀಖಿನ ಮಧ್ಯಾಹ್ನ ಇಳಿಯಬಹುದು. ನಡುವೆ ತಾರೀಖು ಒಂದು ದಿನ ಹಿಂದಕ್ಕೆ ಹೋಗುವ ದಿನಾಂಕ ರೇಖೆ ದಾಟಿರುತ್ತಾರೆ, ಟಿಕೆಟ್‌ನಲ್ಲಿ ಎರಡೂ ಕಡೆ ಸ್ಥಳೀಯ ಸಮಯವನ್ನೇ ಹಾಕಿರುತ್ತಾರೆ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಇಂಥ ಮಾಹಿತಿ ಹಾಕುವಾಗ ಹೋಗುವ, ಬರುವ ಸಮಯ ಎರಡನ್ನೂ ಬೇರೆ ಬೇರೆಯಾಗಿ ಕೊಡಿ. ಅದನ್ನು ಈಗಿನ ವೇಳಾಪಟ್ಟಿ ನೋಡಿಯೇ ಕೊಡಿ, ಯಾವ ತಿಂಗಳಿನದು ಅನ್ನುವುದನ್ನೂ ಪಕ್ಕದಲ್ಲಿ ಬರೆಯಿರಿ.

– ನಿಮ್ಮ ಒಬ್ಬ ಓದುಗ