ಮಗಳಿಗೊಂದು ಪತ್ರ: ಎಲ್ಲಾ ಸೇಬಿಗೂ ಜಾಮ್ ಮಾಡಬೇಡ

ಮೈಸೂರು

ಪ್ರೀತಿಯ ಪುಟ್ಟಿ,

ಫೋಟೋ ಬಂತು. ಹಾಲ್ ತುಂಬ ಸೇಬು! ಇಲ್ಲಿ ದೇವರಾಜ ಮಾರ್ಕೆಟ್‌ನಲ್ಲಿ ರೇಟು ಕೇಳಿ ಅರ್ಧ ಕೆಜಿ ಸಾಕು ಅನ್ನುವ ನಿಮ್ಮಪ್ಪ, ಆ ಫೋಟೋನ ಓಣಿಗೆಲ್ಲಾ ತೋರಿಸಿಕೊಂಡು ಬಂದರು. ಇಷ್ಟು ಸೇಬು ಕೊಟ್ಟ ಆ ಹಿಮಾಚಲದ ಕೋಟ್‌ಗಢದ ತೋಟದ ಓನರ್ ದೊಡ್ಡ ಮನಸ್ಸಿನವರೇ.

ಜಾಮ್ ಹೇಗೆ ಮಾಡೋದು ಅಂತ ಕೇಳಿದ್ದೀಯ. ಹೇಳುತ್ತೇನೆ, ಆದರೆ ಅಷ್ಟಕ್ಕೂ ಜಾಮ್ ಮಾಡಬೇಡ. ನಿಮ್ಮನೇಲಿ ಜಾಮ್ ತಿನ್ನೋದು ಮಗು ಒಂದೇ ಅಲ್ವಾ?

ಮೊದಲು ಕೂತು ಆರಿಸು. ತೊಟ್ಟಿರುವ, ಪೆಟ್ಟು ಬೀಳದ ಗಟ್ಟಿ ಹಣ್ಣು ಇಡೋದಕ್ಕೆ. ತೊಳೆಯದೆ ಒಂದೊಂದನ್ನೂ ಪೇಪರ್‌ನಲ್ಲಿ ಸುತ್ತಿ, ತಣ್ಣಗಿರುವ ಕೋಣೆಯಲ್ಲಿ ಪೆಟ್ಟಿಗೆಗೆ ಜೋಡಿಸು. ಸೇಬು ಕಿತ್ತ ಮೇಲೂ ಎಥಿಲೀನ್ ಅನ್ನೋ ಅನಿಲ ಬಿಡುತ್ತಲೇ ಇರುತ್ತದೆ. ಕೆಟ್ಟ ಹಣ್ಣಿನಿಂದ ಅದು ಇನ್ನೂ ಜಾಸ್ತಿ ಬರುತ್ತದೆ, ಪಕ್ಕದ್ದೂ ಬೇಗ ಮಾಗಿ ಮೆತ್ತಗಾಗುತ್ತದೆ. ವಾರಕ್ಕೊಮ್ಮೆ ಪೆಟ್ಟಿಗೆ ಮೂಸಿ ನೋಡು, ಹುಳಿ ವಾಸನೆ ಬಂದರೆ ಹುಡುಕಿ ತೆಗೆ. ಆಲೂಗಡ್ಡೆ ಚೀಲ ಅಲ್ಲಿಡಬೇಡ.

ಪೆಟ್ಟು ಬಿದ್ದದ್ದು ಜಾಮಿಗೆ. ಕಪ್ಪಾದ ಭಾಗ ಕೊಯ್ದು ಬಿಸಾಡು. ಬೂಷ್ಟು ಹಿಡಿದಿದ್ದರೆ ಆ ಹಣ್ಣೇ ಬೇಡ. ಕೋಟ್‌ಗಢದಲ್ಲೇ ನೆಲೆಸಿದ್ದ ಅಮೆರಿಕದವರು ಸ್ಟೋಕ್ಸ್ ಸಾಹೇಬರು ತಮ್ಮ ದೇಶದಿಂದ ನಿಮ್ಮ ಕಡೆಗೆ ತಂದ ಆ ಕೆಂಪು ಡೆಲಿಷಸ್ ಜಾತಿ ಹಾಗೇ ತಿನ್ನೋದಕ್ಕೆ ಚೆನ್ನ, ಬೇಯಿಸಿದರೆ ಸಪ್ಪೆ. ಪರಾಗಸ್ಪರ್ಶಕ್ಕೆ ಅಂತ ತೋಟದ ಮಧ್ಯೆ ಹಾಕಿರುವ ಹಳದಿ ಗೋಲ್ಡನ್ ಜಾತಿ ಸೇಬು ಇದ್ದರೆ ಅದನ್ನೇ ತಗೋ. ಕೆಜಿ ತಿರುಳಿಗೆ ಮುಕ್ಕಾಲು ಕೆಜಿ ಸಕ್ಕರೆ, ಎರಡು ನಿಂಬೆಹಣ್ಣಿನ ರಸ. ಸಿಪ್ಪೆ, ಬೀಜದ ಗೂಡು ಬಟ್ಟೆಯಲ್ಲಿ ಕಟ್ಟಿ ಜೊತೆಗೇ ಕುದಿಸು, ಜಾಮ್ ಗಟ್ಟಿಯಾಗುವ ಪೆಕ್ಟಿನ್ ಇರೋದು ಅಲ್ಲೇ. 105 ಡಿಗ್ರಿ ಬರಲಿ ಅಂತ ಥರ್ಮಾಮೀಟರ್ ನೋಡುತ್ತಾ ನಿಲ್ಲಬೇಡ. ಬೆಟ್ಟದ ಮೇಲೆ ನೀರು 100ಕ್ಕೆ ಮುಂಚೆಯೇ ಕುದಿಯುತ್ತದಲ್ಲ, ಅಲ್ಲಿ 105ಕ್ಕೆ ಬರೋಷ್ಟರಲ್ಲಿ ಜಾಮ್ ಅಂಟುಂಡೆ ಆಗಿರುತ್ತದೆ. ಫ್ರಿಜ್‌ನಲ್ಲಿಟ್ಟ ತಟ್ಟೆಗೆ ಒಂದು ತೊಟ್ಟು ಹಾಕಿ ಬೆರಳಲ್ಲಿ ತಳ್ಳು. ಮೇಲೆ ಸುಕ್ಕು ಬಂದರೆ ಆಯಿತು.

ನನ್ನ ಕೇಳಿದರೆ ತೊಕ್ಕೇ ವಾಸಿ. ಮಾವಿನಕಾಯಿ ತೊಕ್ಕಿನ ಹಾಗೇ ಸಿಪ್ಪೆ ಸಮೇತ ತುರಿದು, ಎಳ್ಳೆಣ್ಣೆಯಲ್ಲಿ ಸಾಸಿವೆ, ಇಂಗು, ಅರಿಶಿನ ಹಾಕಿ ನೀರಿನಂಶ ಹೋಗುವ ತನಕ ಬಾಡಿಸು. ಆಮೇಲೆ ಹುಣಸೆರಸ, ಉಪ್ಪು, ಬ್ಯಾಡಗಿ ಖಾರದಪುಡಿ, ಹುರಿದ ಮೆಂತ್ಯದ ಪುಡಿ. ಸಿಹಿ ಹಣ್ಣಲ್ವಾ, ಬೆಲ್ಲ ಚೂರೇ ಸಾಕು. ಎಣ್ಣೆ ಬಿಟ್ಟುಕೊಂಡಾಗ ಇಳಿಸು. ಆದರೆ ಮಾವಿನಕಾಯಿಯ ಹುಳಿ ಇದಕ್ಕಿಲ್ಲ, ಆದ್ದರಿಂದ ಹೊರಗಿಡಬೇಡ, ಫ್ರಿಜ್‌ನಲ್ಲಿಡು.

ಉಳಿದದ್ದನ್ನು ಬಿಲ್ಲೆ ಮಾಡಿ ಒಣಗಿಸು. ನಿಂಬೆರಸದ ನೀರಲ್ಲಿ ಹತ್ತು ನಿಮಿಷ ಬಿಟ್ಟರೆ ಅಷ್ಟಾಗಿ ಕಪ್ಪಾಗುವುದಿಲ್ಲ. ನಿಮ್ಮ ಮಂಜಿನ ಬಿಸಿಲು ನಂಬಬೇಡ, ಓವನ್ 60 ಡಿಗ್ರಿಯಲ್ಲಿಟ್ಟು ಬಾಗಿಲು ಸ್ವಲ್ಪ ತೆರೆದಿಡು. ಮುರಿದರೆ ಒಳಗೆ ಪಸೆ ಕಾಣಬಾರದು. ಬಾಟಲಿಗೆ ತುಂಬಿದ ಮೇಲೂ ಒಂದು ವಾರ ದಿನಾ ಅಲ್ಲಾಡಿಸು. ಗಾಜಿನ ಮೇಲೆ ಬೆವರು ಕಂಡರೆ ಮತ್ತೆ ಒಣಗಿಸು. 1950ರಿಂದ ಸಿಎಫ್‌ಟಿಆರ್‌ಐ ಅನ್ನೋ ಆಹಾರ ಸಂಶೋಧನಾ ಸಂಸ್ಥೆ ಇರುವ ಊರಿನವಳು ಬೂಷ್ಟು ಹಿಡಿಸಿದಳು ಅಂತ ಅನ್ನಿಸಿಕೊಳ್ಳಬೇಡ ಮಾರಾಯ್ತಿ!

ದಸರಾ ರಜೆಗೆ ಬರುವಾಗ ಅಳಿಯಂದಿರ ಕೈಲಿ ಪೆಟ್ಟಿಗೆ ಹೊರಿಸಬೇಡ, ಜಾಮಿನ ಗಾಜಿನ ಬಾಟಲಿಯೂ ಬೇಡ. ಒಣಗಿದ ಬಿಲ್ಲೆ ಒಂದು ಕವರ್ ತಾ, ಸಾಕು. ನಿಮ್ಮಪ್ಪ ಈಗಲೇ ಅದಕ್ಕೊಂದು ಡಬ್ಬ ತೊಳೆದಿಟ್ಟಿದ್ದಾರೆ.

ಇಂತಿ ನಿನ್ನ
ಅಮ್ಮ