ಲೆನ್ಸಿನೊಳಗಿನ ಕಟಕಟ ಸದ್ದು

ಶಿರಸಿ

ಚಿ. ಕೂಸಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಮನೆ ಸುದ್ದಿಯನ್ನೆಲ್ಲ ನಿನ್ನ ಆಯಿ ಫೋನಿನಲ್ಲಿ ಹೇಳಿರುತ್ತಾಳೆ, ಮತ್ತೆ ಬರೆಯುವುದಿಲ್ಲ.

ನಿನ್ನ ಪತ್ರದ ಒಂದು ಸಾಲು ತಲೆಯಿಂದ ಹೋಗುತ್ತಿಲ್ಲ. ದೂರದ್ದನ್ನು ಹತ್ತಿರ ತೋರುವ ಹೊಸ 70-300 ಮಿ.ಮೀ. ಕ್ಯಾಮೆರಾ ಲೆನ್ಸನ್ನು ಅಲ್ಲಾಡಿಸಿದರೆ ಒಳಗೆ ಕಟಕಟ ಅನ್ನುತ್ತದೆ, ಹುಬ್ಬಳ್ಳಿಯಿಂದ ಕಾರವಾರಕ್ಕೆ ತರುವಾಗ ಅರಬೈಲು ಘಟ್ಟದ ತಿರುವುಗಳಲ್ಲೇ ಏನೋ ಮುರಿಯಿತು ಎಂದು ಹೆದರಿ ಬರೆದಿದ್ದೀಯ. ಬ್ಯಾಗಿನಿಂದ ಹೊರಗೇ ತೆಗೆಯದೆ ಇಟ್ಟಿದ್ದೀಯಂತೆ. ಕೂಸೇ, ಆ ಸದ್ದು ಮುರಿದದ್ದರ ಗುರುತಲ್ಲ.

ನಿನ್ನದರಂತೆ ಸ್ಟೆಬಿಲೈಸರ್, ಅಂದರೆ ಕೈನಡುಕ ಚಿತ್ರದಲ್ಲಿ ಕಾಣದಂತೆ ತಡೆಯುವ ವ್ಯವಸ್ಥೆ, ಇರುವ ಲೆನ್ಸಿನಲ್ಲಿ ಒಂದು ಗಾಜಿನ ಗುಂಪು ಸಡಿಲವಾಗಿಯೇ ಇರಬೇಕು. ಎರಡು ಪುಟ್ಟ ಗೈರೋ ಸೆನ್ಸರ್‌ಗಳು ಕೈ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಎಷ್ಟು ಓಲಿತೆಂದು ಅಳೆಯುತ್ತವೆ. ಸುರುಳಿ ಮತ್ತು ಅಯಸ್ಕಾಂತದ ಮೋಟಾರು ಅದಕ್ಕೆ ತಕ್ಕಂತೆ ಆ ಗಾಜನ್ನು ಸರಿಸಿ ಬಿಂಬ ಕದಲದಂತೆ ಹಿಡಿಯುತ್ತದೆ. ಕ್ಯಾಮೆರಾ ಆಫ್ ಆದರೆ ಮೋಟಾರಿಗೆ ಕರೆಂಟಿಲ್ಲ; ಆಗ ಕುಲುಕಿದರೆ ಗಿಟುಕಾದ ತೆಂಗಿನಕಾಯಿಯ ಹಾಗೆ ಸದ್ದು ಬರುವುದು ಸಹಜ. ಕೆಲವು ಲೆನ್ಸುಗಳಲ್ಲಿ ಆಫ್ ಆದೊಡನೆ ಗಾಜನ್ನು ಹಿಡಿದಿಡುವ ಬೀಗವಿದೆ, ಕೆಲವುಗಳಲ್ಲಿ ಇಲ್ಲ. ಪರೀಕ್ಷೆಗೆಂದು ಪದೇ ಪದೇ ಕುಲುಕುವುದನ್ನು ಮಾತ್ರ ಬಿಡು.

ಶಟರ್ ಗುಂಡಿ ಅರ್ಧ ಒತ್ತಿದಾಗ ಕೇಳುವ ಸುಂಯ್ ಸದ್ದೂ ಅದೇ ಮೋಟಾರಿನದು. ಒತ್ತಿದ ಕೂಡಲೇ ಚಿತ್ರ ತೆಗೆಯಬೇಡ, ಸುಮಾರು ಒಂದು ಸೆಕೆಂಡ್ ತಡೆ. ವ್ಯೂಫೈಂಡರಿನಲ್ಲಿ ಬಿಂಬ ಒಮ್ಮೆ ಜಾರಿದಂತಾಗಿ ಆಮೇಲೆ ನಿಂತುಬಿಡುತ್ತದೆ. ಆಗ ಪೂರ್ತಿ ಒತ್ತು. ಲೆನ್ಸ್ ಬಿಚ್ಚುವಾಗ ಬೆರಳು ತೆಗೆದು, ಸದ್ದು ನಿಂತ ಮೇಲೆ ಕ್ಯಾಮೆರಾ ಆಫ್ ಮಾಡಿ, ಆಮೇಲೆ ಬಿಚ್ಚು. ಮೋಟಾರು ನಡೆಯುತ್ತಿರುವಾಗಲೇ ಕಿತ್ತರೆ ಬೀಗವಿದ್ದರೂ ಬೀಳುವುದಿಲ್ಲ, ಕಟಕಟ ಹೆಚ್ಚುತ್ತದೆ. ನಿನ್ನದು ಹೀಗೇ ಆಗಿರಲೂಬಹುದು. ಮತ್ತೆ ಕ್ಯಾಮೆರಾಕ್ಕೆ ಹಾಕಿ, ಆನ್ ಮಾಡಿ, ಅರ್ಧ ಒತ್ತಿಬಿಟ್ಟು ಸದ್ದು ನಿಂತ ಮೇಲೆ ಆಫ್ ಮಾಡಿದರೆ ಸರಿಹೋಗುತ್ತದೆ.

ಕ್ಯಾನನ್ ಕಂಪನಿ ಎಸ್‌ಎಲ್‌ಆರ್‌ಗೆ (ಲೆನ್ಸ್ ಬದಲಿಸಬಹುದಾದ ಕ್ಯಾಮೆರಾಕ್ಕೆ) ಸ್ಟೆಬಿಲೈಸರ್ ಇರುವ ಮೊದಲ ಲೆನ್ಸನ್ನು, 75-300 ಅನ್ನು, ತಂದದ್ದು 1995ರಲ್ಲಿ. ಅದಕ್ಕೂ ಮೊದಲು ರೀಲು ಹಾಕಿ ತೆಗೆಯುತ್ತಿದ್ದ ನಮಗೆಲ್ಲ ಕೈನಡುಕದ ಭಯ. ಮಳೆಗಾಲದ ಮಬ್ಬು ಬೆಳಕಿನಲ್ಲಿ ಉದ್ದ ಲೆನ್ಸನ್ನು ಚೀಲದಿಂದ ತೆಗೆಯುತ್ತಲೇ ಇರಲಿಲ್ಲ. ಎಷ್ಟೋ ಕಾಡುಹಕ್ಕಿಗಳು ಚಿತ್ರವಾಗದೆ ಹೋದವು, ಆ ಕೊರಗು ಈಗಲೂ ಇದೆ. ನಿನ್ನ ಕೈಯಲ್ಲಿ ಅದಕ್ಕೆ ಮದ್ದಿದೆ, ಒಂದು ಸದ್ದಿಗೆ ಹೆದರಿ ಮುಚ್ಚಿಟ್ಟಿದ್ದೀಯಲ್ಲ ಎಂಬುದೇ ನನ್ನ ಸಂಕಟ.

ನಿನಗೆ ಗೊತ್ತಿರುವ ಲೆಕ್ಕವೇ ಇರಬಹುದು, ಆದರೂ ಬರೆಯುತ್ತೇನೆ. ಕೈಯಲ್ಲಿ ಹಿಡಿದು ತೆಗೆಯುವಾಗ ಲೆನ್ಸ್ ಎಷ್ಟು ಮಿ.ಮೀ.ಯೋ ಸೆಕೆಂಡಿನ ಅಷ್ಟನೇ ಒಂದು ಪಾಲು ಮಾತ್ರ ಶಟರ್ ತೆರೆದಿರಬೇಕು. ನಿನ್ನ ಕ್ಯಾಮೆರಾದಲ್ಲಿ ಬಿಂಬ ಹಿಡಿಯುವ ಸೆನ್ಸರ್ ಚಿಕ್ಕದು, ಹಾಗಾಗಿ 300ನ್ನು 1.6ರಿಂದ ಗುಣಿಸಿದರೆ 480. ಅಂದರೆ ಸ್ಟೆಬಿಲೈಸರ್ ಇಲ್ಲದೆ 1/500 ಸೆಕೆಂಡ್ ಬೇಕು. ಸ್ಟೆಬಿಲೈಸರ್ ನಾಲ್ಕು ಸ್ಟಾಪ್ ಉಳಿಸಿದರೆ, ಒಂದೊಂದು ಸ್ಟಾಪಿಗೂ ಆ ಸಮಯ ಇಮ್ಮಡಿಯಾಗಿ, 1/250, 1/125, 1/60, 1/30 ಎಂದು ಇಳಿಯಬಹುದು. ಮೊದಮೊದಲು 1/125ರ ಕೆಳಗೆ ಹೋಗಬೇಡ, ಕೈ ಪಳಗಲಿ. ಆದರೆ ಸ್ಟೆಬಿಲೈಸರ್ ನಿನ್ನ ಕೈಯನ್ನಷ್ಟೇ ನಿಲ್ಲಿಸುತ್ತದೆ, ಎದುರಿನದನ್ನಲ್ಲ. ಯಕ್ಷಗಾನದ ಕುಣಿತಕ್ಕೆ 1/250 ಬೇಕು, ದಾಂಡೇಲಿಯಲ್ಲಿ ಹಾರುವ ಮಂಗಟ್ಟೆಗೆ 1/1000ಕ್ಕೂ ಹೆಚ್ಚು. ಅಲ್ಲಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸದೆ ದಾರಿಯಿಲ್ಲ. ದೇವಬಾಗದ ದೋಣಿಯ ದೊಡ್ಡ ತೂಗಾಟವನ್ನೂ ಸ್ಟೆಬಿಲೈಸರ್ ಪೂರ್ತಿ ಹಿಡಿಯಲಾರದು, ಅಲ್ಲಿ 1/500 ಇಡು.

ಲೆನ್ಸಿನಲ್ಲಿ ಸ್ಟೆಬಿಲೈಸರಿನ ಮೋಡ್ ಗುಂಡಿ ಇದ್ದರೆ 1ರಲ್ಲೇ ಇರಲಿ. ನೀರಿನ ಮೇಲೆ ಅಡ್ಡ ಹಾರುವ ಬೆಳ್ಳಕ್ಕಿಯ ಜೊತೆ ಕ್ಯಾಮೆರಾ ತಿರುಗಿಸುವಾಗ 2. ಟ್ರೈಪಾಡ್ ಮೇಲೆ ಆಫ್, ಇಲ್ಲದಿದ್ದರೆ ಕೆಲವು ಲೆನ್ಸುಗಳಲ್ಲಿ ಇಲ್ಲದ ನಡುಕವನ್ನು ಅಟ್ಟಿಕೊಂಡು ಹೋಗಿ ಚಿತ್ರವೇ ಮಸುಕಾಗುತ್ತದೆ.

ಮತ್ತೆ ಆ ಸದ್ದಿನ ಮಾತಿಗೇ ಬರುತ್ತೇನೆ. ನಿಜವಾಗಿ ಕೆಟ್ಟಿದ್ದರೆ ಲಕ್ಷಣ ಬೇರೆ: ಅರ್ಧ ಒತ್ತಿದಾಗ ಬಿಂಬ ನಿಲ್ಲದೆ ಕುಣಿಯುತ್ತಲೇ ಇರುತ್ತದೆ, ಗರಗರ ಎಂದು ತಿಕ್ಕಿದ ಸದ್ದು ಬರುತ್ತದೆ, ಅಥವಾ ಚಿತ್ರದ ಒಂದು ಬದಿ ಮಾತ್ರ ಸದಾ ಮಸುಕು. ಒಂದು ಬೆಳಿಗ್ಗೆ ಗೋಡೆಗೆ ಪತ್ರಿಕೆಯ ಹಾಳೆ ಅಂಟಿಸಿ, ಎಡಗೈಯನ್ನು ಲೆನ್ಸಿನ ಕೆಳಗೆ ಕೊಟ್ಟು ಮೊಣಕೈ ಮೈಗೆ ಒತ್ತಿ ನಿಂತು, 300ರಲ್ಲಿ 1/60 ಇಟ್ಟು ಸ್ಟೆಬಿಲೈಸರ್ ಆನ್ ಮಾಡಿ ಹತ್ತು, ಆಫ್ ಮಾಡಿ ಹತ್ತು ಚಿತ್ರ ತೆಗೆ. ಆನ್‌ನವು ಹೆಚ್ಚು ಸ್ಪಷ್ಟವಿದ್ದರೆ ಲೆನ್ಸ್ ಚೆನ್ನಾಗಿಯೇ ಇದೆ. ಆಫ್‌ನವೇ ಚೆನ್ನಾಗಿ ಬಂದರೆ ವಾರಂಟಿ ಚೀಟಿ ಹಿಡಿದು ಅಂಗಡಿಗೆ ಹೋಗು, ನೀನಾಗಿ ಸ್ಕ್ರೂ ಬಿಚ್ಚಬೇಡ.

ಇನ್ನೊಂದು, ಕೇಳದಿದ್ದರೂ ಹೇಳುತ್ತೇನೆ. ಕಾರವಾರದ ಉಪ್ಪುಗಾಳಿಯಲ್ಲಿ ಬ್ಯಾಗಿನೊಳಗೇ ಇಟ್ಟರೆ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡು. ಆ ಇಪ್ಪತ್ತು ಚಿತ್ರಗಳನ್ನು ಚಿಕ್ಕದು ಮಾಡದೆ ನನಗೂ ಕಳಿಸು, ದೊಡ್ಡದು ಮಾಡಿ ನೋಡಿ ಹೇಳುತ್ತೇನೆ.

ನಿನ್ನ ದೊಡ್ಡಪ್ಪ